ತಿಜೋರಿ ಇದ್ದ ಮನೆಯ ಮಕ್ಕಳು

ಸಿರಿವಂತ ವ್ಯಾಪಾರಿ ಮನೆತನಗಳಲ್ಲಿ ಬೆಳೆದವರು ಬಾಲ್ಯವನ್ನು ನೆನೆಯುವಾಗ ದುಡ್ಡಿನ ಮಾತು ಆಡುವುದು ಕಡಿಮೆ. ಆದರೂ ಅವರ ನೆನಪಿನ ಮೂಲೆಮೂಲೆಯಲ್ಲಿ ಅದು ವೇಷ ಮರೆಸಿಕೊಂಡು ಓಡಾಡುತ್ತಿರುತ್ತದೆ. ಜೌನ್‌ಪುರ, ಜೋಡಾಸಾಂಕೊ, ವಿಯೆನ್ನಾ, ಅಹಮದಾಬಾದ್: ನಾಲ್ಕು ಮನೆಗಳ ಒಳಗೊಂದು ಸುತ್ತು.

ಕಲ್ಕತ್ತೆಯ ಜೋಡಾಸಾಂಕೊದ ಠಾಕೂರರ ಮನೆಗೆ ಬಟ್ಟೆ ಹೊಲಿದುಕೊಡುತ್ತಿದ್ದ ದರ್ಜಿಯ ಹೆಸರು ನಿಯಾಮತ್. ಐವತ್ತು ದಾಟಿದ ಮೇಲೂ ರವೀಂದ್ರನಾಥ ಠಾಕೂರರಿಗೆ ಅವನ ಮೇಲಿನ ಒಂದು ಮುನಿಸು ಹೋಗಿರಲಿಲ್ಲ. ಹುಡುಗರ ಅಂಗಿಗೆ ಜೇಬು ಏಕೆ ಎಂದು ನಿಯಾಮತ್ ತಾನೇ ತೀರ್ಮಾನಿಸಿ, ಜೇಬಿಲ್ಲದ ಅಂಗಿ ಹೊಲಿದುಬಿಡುತ್ತಿದ್ದ. ಜೇಬಿಗೆ ತುಂಬಲು ಏನೂ ಇಲ್ಲದಷ್ಟು ಬಡವನಾದ ಹುಡುಗ ಲೋಕದಲ್ಲೇ ಇಲ್ಲ, ಈ ವಿಷಯದಲ್ಲಿ ಶ್ರೀಮಂತನ ಮಗನಿಗೂ ಬಡವನ ಮಗನಿಗೂ ದೇವರು ಭೇದ ಮಾಡಿಲ್ಲ ಎಂಬುದು ರವೀಂದ್ರರ ವಾದ. 1912ರಲ್ಲಿ ಪುಸ್ತಕವಾಗಿ ಬಂದ 'ಜೀವನಸ್ಮೃತಿ'ಯಲ್ಲಿ ಈ ದೂರು ದಾಖಲಾಗಿದೆ. ಹತ್ತು ವರ್ಷ ತುಂಬುವವರೆಗೆ ಕಾಲುಚೀಲ ಹಾಕಿದವರಲ್ಲ. ಚಳಿಗಾಲ ಬಂದರೆ ಒಂದು ಹತ್ತಿ ಅಂಗಿಯ ಮೇಲೆ ಇನ್ನೊಂದು ಹತ್ತಿ ಅಂಗಿ, ಅಷ್ಟೇ.

ಹಾಗೆಂದು ಅದು ಬಡವರ ಮನೆಯಾಗಿರಲಿಲ್ಲ. ಆ ಹುಡುಗನ ಅಜ್ಜನನ್ನು ಊರು 'ಪ್ರಿನ್ಸ್' ಎಂದು ಕರೆಯುತ್ತಿತ್ತು. ಮನೆಯಲ್ಲಿ ಅಂಗಳದ ಮೇಲೆ ಅಂಗಳ, ಪಡಸಾಲೆಯ ಮೇಲೆ ಪಡಸಾಲೆ, ಆಳುಕಾಳುಗಳಿಗೆ ಲೆಕ್ಕವಿಲ್ಲ. ಆದರೆ ಎಂಟು ವರ್ಷದ ಹುಡುಗನಿಗೆ ಕಂಡ ಸಿರಿತನ ಎಂದರೆ ಜೇಬಿಲ್ಲದ ಅಂಗಿ, ಗದರುವ ಆಳು, ಊರಲ್ಲಿ ಇರದ ಅಪ್ಪ.

ದೊಡ್ಡ ವ್ಯಾಪಾರಿ ಕುಟುಂಬಗಳ ಮಕ್ಕಳು ದೊಡ್ಡವರಾಗಿ ಬರೆದದ್ದನ್ನೂ ಅವರ ಬಗ್ಗೆ ಬರೆದದ್ದನ್ನೂ ಓದುತ್ತಾ ಹೋದರೆ ಇದು ಮತ್ತೆ ಮತ್ತೆ ಎದುರಾಗುತ್ತದೆ. ಮನೆಯಲ್ಲಿ ಎಷ್ಟು ಹಣವಿದೆ ಎಂಬುದು ಮಕ್ಕಳಿಗೆ ತಿಳಿಯುವುದಿಲ್ಲ. ಆ ಹಣಕ್ಕಾಗಿ ದೊಡ್ಡವರು ಮಾಡಿಕೊಂಡ ಏರ್ಪಾಡು ಮಾತ್ರ ಚೆನ್ನಾಗಿ ತಿಳಿಯುತ್ತದೆ. ಒಂದು ಮನೆಯಲ್ಲಿ ಅದು ಭಯ, ಇನ್ನೊಂದರಲ್ಲಿ ಕಾವಲು, ಮತ್ತೊಂದರಲ್ಲಿ ಅಪ್ಪನ ಹಟ. ಅಪರೂಪಕ್ಕೆ ಎಲ್ಲೋ ಒಂದು ಕಡೆ ಬಿಡುವು.

ಚಾವಟಿ ಏಟಿನ ನೆನಪು

ಭಾರತದ ಭಾಷೆಗಳಲ್ಲಿ ನಮಗೆ ಸಿಕ್ಕಿರುವ ತೀರ ಹಳೆಯ ಆತ್ಮಕಥೆಗಳಲ್ಲಿ ಒಂದನ್ನು ಬರೆದವನು ವ್ಯಾಪಾರಿಯ ಮಗ. ಬನಾರಸಿದಾಸ ಎಂಬ ಈ ಜೈನ ಕವಿ 1586ರಲ್ಲಿ ಜೌನ್‌ಪುರದ ಜವಾಹಿರಿ ಖರಗಸೇನನ ಮಗನಾಗಿ ಹುಟ್ಟಿದ. 1641ರಲ್ಲಿ, ತನಗೆ 55 ವರ್ಷವಾಗಿದ್ದಾಗ, 'ಅರ್ಧಕಥಾನಕ' ಎಂಬ ಪದ್ಯರೂಪದ ಜೀವನಕಥೆ ಬರೆದ. ಮನುಷ್ಯನ ಪೂರ್ಣಾಯುಷ್ಯ 110 ವರ್ಷ ಎಂಬ ನಂಬಿಕೆಯ ಮೇಲೆ ಆ ಹೆಸರು. ಅರ್ಧ ಮುಗಿದಿದೆ, ಇನ್ನರ್ಧ ಬಾಕಿ ಇದೆ ಎಂಬ ವರ್ತಕನ ಲೆಕ್ಕ!

ಈ ಬಾಲ್ಯದಲ್ಲಿ ಮುತ್ತುರತ್ನಗಳಿವೆ. ಆದರೆ ಅವು ಹೊಳೆಯುವುದಕ್ಕಿಂತ ಹೆಚ್ಚಾಗಿ ಬಚ್ಚಿಟ್ಟುಕೊಂಡಿವೆ. ಎಂಟನೇ ವಯಸ್ಸಿಗೆ ಹುಡುಗ ಪಾಂಡೆಯೊಬ್ಬರ ಹತ್ತಿರ ಅಕ್ಷರ ಕಲಿಯಲು ಹೋಗುತ್ತಾನೆ. ಮೀಸೆ ಮೂಡುವ ಮೊದಲೇ ಮದುವೆಯೂ ಆಗುತ್ತದೆ. ಸೊಸೆ ಹೊಸ್ತಿಲು ತುಳಿದ ದಿನವೇ ಮನೆಯಲ್ಲಿ ಹೆಣ್ಣುಮಗು ಹುಟ್ಟಿತು, ಅದೇ ದಿನ ಅಜ್ಜಿಯೊಬ್ಬರು ತೀರಿಕೊಂಡರು. ಒಂದೇ ಸೂರಿನಡಿ ಮದುವೆ, ಹೆರಿಗೆ, ಸಾವು ಮೂರೂ ನಡೆದುದನ್ನು ಬನಾರಸಿದಾಸ ರೋಜು ಕೀರ್ದಿಯಲ್ಲಿ ನಮೂದು ಮಾಡಿದಷ್ಟು ಚುಟುಕಾಗಿ ಹೇಳಿ ಮುಂದೆ ಹೋಗುತ್ತಾನೆ.

ಅಷ್ಟರಲ್ಲಿ ಊರಿನ ಅಧಿಕಾರಿ ಕಿಲಿಚ್ ಖಾನನ ಕಣ್ಣು ಜವಾಹಿರಿಗಳ ಮೇಲೆ ಬಿತ್ತು. ಅವನು ಕೇಳಿದ ವಸ್ತುವನ್ನು ಅವರು ತಂದುಕೊಡಲಾಗಲಿಲ್ಲ. ಊರಿನ ಜವಾಹಿರಿಗಳನ್ನೆಲ್ಲ ಹಿಡಿದು ಕೂಡಿಹಾಕಿ, ಸಾಲಾಗಿ ನಿಲ್ಲಿಸಿ ಚಾವಟಿಯಲ್ಲಿ ಹೊಡೆಸಿ ಬಿಟ್ಟ. ಬಿಡುಗಡೆಯಾದ ವರ್ತಕರು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ದಿಕ್ಕಿಗೊಬ್ಬರಂತೆ ಊರು ಬಿಟ್ಟರು. ಖರಗಸೇನನ ಸಂಸಾರ ಮಳೆಯಲ್ಲಿ ನೆನೆಯುತ್ತಾ ಶಹಜಾದ್‌ಪುರ ತಲುಪಿತು. ಅಲ್ಲಿನ ಬನಿಯಾ ಒಬ್ಬ ಪಾತ್ರೆ ಪಡಗ, ಹಾಸಿಗೆ, ಕಾಳುಕಡಿ ಸಮೇತ ತನ್ನ ಮನೆಯನ್ನೇ ಬಿಟ್ಟುಕೊಟ್ಟ. ಹುಂಡಿ ಚೀಟಿ ನಡೆಯುವುದು ನಂಬಿಕೆಯ ಮೇಲೆ, ವರ್ತಕರ ಬದುಕು ನಡೆಯುವುದೂ ಅದರ ಮೇಲೆಯೇ ಎಂಬ ಪಾಠ ಹುಡುಗನಿಗೆ ಪುಸ್ತಕದಿಂದ ಬರಲಿಲ್ಲ.

ತಲೆತಪ್ಪಿಸಿಕೊಂಡಿದ್ದ ಆ ದಿನಗಳಲ್ಲೇ ಬನಾರಸಿ ಕವಡೆಗಳ ವ್ಯಾಪಾರ ಶುರುಮಾಡಿದ. ಕವಡೆ ಆಗ ಚಿಲ್ಲರೆ ನಾಣ್ಯ. ಅದನ್ನೇ ಕೊಂಡು, ಮಾರಿ, ದಿನಕ್ಕೆ ಚೂರುಪಾರು ಲಾಭ. ಹುಡುಗ ತಂದುಕೊಟ್ಟ ಮೊದಲ ಗಳಿಕೆಯನ್ನು ಅಜ್ಜಿ ಖರ್ಚಿಗೆ ಬಳಸಲಿಲ್ಲ. ಸಿಹಿ ತರಿಸಿ, ಕುಲದೇವಿಯ ಹೆಸರು ಹೇಳಿ ಹಂಚಿಬಿಟ್ಟಳು. ಜವಾಹಿರಿಯ ಮಗ ಊರು ಬಿಟ್ಟು ಬಂದು ಕವಡೆ ಮಾರುತ್ತಿದ್ದಾನೆ ಎಂದು ಅವಳಿಗೆ ಅನ್ನಿಸಲೇ ಇಲ್ಲ. ಮೊಮ್ಮಗನ ಬೋಣಿ ಆಯಿತು ಎಂದೇ ಹಿಗ್ಗಿದಳು.

ಇದೇ ಹುಡುಗ ಬೆಳೆದು ಕಾವ್ಯ, ಛಂದಸ್ಸು, ಪ್ರೇಮ ಎಂದು ಅಲೆಯತೊಡಗಿದಾಗ ಹಿರಿಯರು ಕೂರಿಸಿಕೊಂಡು ಬುದ್ಧಿ ಹೇಳಿದರು. ಅತಿಯಾದ ಓದು ಬ್ರಾಹ್ಮಣರಿಗೆ, ಭಟ್ಟಂಗಿಗಳಿಗೆ ಇರಲಿ. ವರ್ತಕನ ಮಗನ ಜಾಗ ಅಂಗಡಿ. ಹೆಚ್ಚು ಓದಿದವನು ಬೇಡಿ ತಿನ್ನಬೇಕಾದೀತು ಎಂಬುದು ಅವರ ಮಾತಿನ ಸಾರ. ನಮ್ಮ ಕಡೆಯ ಹಿರಿಯರು ಇದೇ ಎಚ್ಚರಿಕೆಯನ್ನು 'ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು' ಎಂದು ಹೇಳುತ್ತಿದ್ದರು. ಬನಾರಸಿ ಕಿವಿಗೊಡಲಿಲ್ಲ. ಮುಂದೆ ವ್ಯಾಪಾರದಲ್ಲಿ ಕೈಸುಟ್ಟುಕೊಂಡ. ಆದರೆ ಅಪ್ಪನ ಮುತ್ತುರತ್ನಗಳು ಯಾರ ಪಾಲಾದವೋ, ಮಗನ ಪದ್ಯಗಳು ಮಾತ್ರ ಉಳಿದಿವೆ.

1605ರಲ್ಲಿ ಅಕ್ಬರ್ ತೀರಿಕೊಂಡ ಸುದ್ದಿ ಜೌನ್‌ಪುರ ತಲುಪಿದಾಗ ಬನಾರಸಿಗೆ ಹತ್ತೊಂಬತ್ತು. ಸುದ್ದಿ ಕೇಳಿದಾಗ ಅವನು ಮೆಟ್ಟಿಲ ಮೇಲೆ ಕೂತಿದ್ದ. ತಲೆ ತಿರುಗಿ ಉರುಳಿಬಿದ್ದು ಹಣೆ ಒಡೆಯಿತು. ತಾಯಿ ಬಟ್ಟೆ ಸುಟ್ಟು ಗಾಯಕ್ಕೆ ಮೆತ್ತಿದಳು. ಹೊರಗೆ ಊರಿಗೆ ಊರೇ ಕದ ಹಾಕಿಕೊಂಡಿತ್ತು. ಒಡವೆಗಳು ನೆಲದಡಿ ಸೇರಿದವು. ಸಿರಿವಂತರು ಒರಟು ಬಟ್ಟೆ, ಕಂಬಳಿ ಹೊದ್ದರು. ಧಣಿ ಯಾರು, ಆಳು ಯಾರು ಎಂದು ಗುರುತು ಸಿಗದ ಹಾಗೆ ಆಯಿತು. ಜಹಾಂಗೀರ್ ಪಟ್ಟಕ್ಕೆ ಬಂದನೆಂಬ ಪತ್ರ ಆಗ್ರಾದಿಂದ ಬಂದ ಮೇಲೆಯೇ ಅಂಗಡಿಗಳು ತೆರೆದವು. ಬಾದಶಹನ ಉಸಿರಿಗೂ ತಮ್ಮ ಮನೆಯ ತಿಜೋರಿಗೂ ನಂಟಿದೆ ಎಂದು ತಿಳಿದುಕೊಂಡು ಬೆಳೆದ ತಲೆಮಾರು ಅದು.

ಸೀಮೆಸುಣ್ಣದ ಗೆರೆಯೊಳಗೆ

ಜೋಡಾಸಾಂಕೊದ ಸಿರಿಗೆ ಬಂದ ಆಪತ್ತು ಬೇರೆ ತರಹದ್ದು. ರವೀಂದ್ರರ ಅಜ್ಜ ದ್ವಾರಕಾನಾಥ ಠಾಕೂರ (1794–1846) ಜಮೀನ್ದಾರಿಯ ಜೊತೆಗೆ ನೀಲಿ, ರೇಷ್ಮೆ, ಸಕ್ಕರೆ, ಹಬೆ ದೋಣಿ, ರಾಣಿಗಂಜ್‌ನ ಕಲ್ಲಿದ್ದಲು ಎಂದು ಕೈಯಿಡದ ವ್ಯವಹಾರವಿರಲಿಲ್ಲ. 1829ರಲ್ಲಿ ಯೂನಿಯನ್ ಬ್ಯಾಂಕ್ ಕಟ್ಟಿದವರಲ್ಲಿ ಅವರೂ ಒಬ್ಬರು. 1834ರಲ್ಲಿ ವಿಲಿಯಂ ಕಾರ್ ಎಂಬ ಆಂಗ್ಲನೊಡನೆ ಕಾರ್, ಟ್ಯಾಗೋರ್ ಅಂಡ್ ಕಂಪನಿ ತೆರೆದರು. ಬೆಳಗಾಛಿಯಾದ ಅವರ ಬಂಗಲೆಯ ಔತಣಗಳು ಕಲ್ಕತ್ತೆಯ ಬಾಯಲ್ಲಿದ್ದವು. ಅವರು ಲಂಡನ್ನಿನಲ್ಲಿ ತೀರಿಕೊಂಡರು. ಎರಡು ವರ್ಷ ಕಳೆಯುವುದರೊಳಗೆ, 1848ರಲ್ಲಿ, ಕಂಪನಿ ಮುಳುಗಿತು. ಸಾಲ ಸುಮಾರು ಒಂದು ಕೋಟಿ ರೂಪಾಯಿ. ಮಗ ದೇವೇಂದ್ರನಾಥರು ಸಾಲ ಕೊಟ್ಟವರು ಮುಟ್ಟಲಾಗದ ಟ್ರಸ್ಟ್ ಆಸ್ತಿಯನ್ನೂ ತಾವಾಗಿಯೇ ಮುಂದಿಟ್ಟರು. ಗಾಡಿ, ಕುದುರೆ, ಊಟದ ಮೇಜಿನ ವೈಭವ ಎಲ್ಲಕ್ಕೂ ಕತ್ತರಿ ಹಾಕಿ, ವರ್ಷಗಟ್ಟಲೆ ಸಾಲ ತೀರಿಸಿದರು. ರವೀಂದ್ರರು 1861ರಲ್ಲಿ ಹುಟ್ಟುವಷ್ಟರಲ್ಲಿ ಮನೆಯ ಹೆಸರು ದೊಡ್ಡದಾಗಿಯೇ ಉಳಿದಿತ್ತು, ನಡೆನುಡಿ ಮಾತ್ರ ಬಿಗಿಯಾಗಿತ್ತು. ಜೇಬಿಲ್ಲದ ಅಂಗಿಯ ಹಿಂದೆ ಈ ಕಥೆ ಇದೆ.

ಅಪ್ಪ ಯಾವಾಗಲೂ ಪ್ರವಾಸದಲ್ಲಿ. ಒಳಮನೆ ಹೆಂಗಸರದು. ಹಾಗಾಗಿ ಗಂಡುಹುಡುಗರು ಹೊರಮನೆಯ ಆಳುಗಳ ಸುಪರ್ದಿಗೆ. ಭಾರತದ ಇತಿಹಾಸದಲ್ಲಿ ಗುಲಾಮ ಸಂತತಿಯ ಆಳ್ವಿಕೆ ಇದ್ದ ಹಾಗೆ ತಮ್ಮ ಇತಿಹಾಸದಲ್ಲಿ ಆಳುಗಳ ಆಳ್ವಿಕೆ ಇತ್ತು ಎಂದು ರವೀಂದ್ರರು ನಗೆಯಾಡುತ್ತಾರೆ. ಅದರಲ್ಲಿ ಶ್ಯಾಮ ಎಂಬ ಆಳು ತನ್ನ ಕೆಲಸ ಹಗುರ ಮಾಡಿಕೊಳ್ಳಲು ಒಂದು ಉಪಾಯ ಕಂಡುಕೊಂಡಿದ್ದ. ಹುಡುಗನನ್ನು ಒಂದು ಕಡೆ ಕೂರಿಸಿ, ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದು, ದಾಟಿದರೆ ಗಂಡಾಂತರ ಎಂದು ಬೆರಳು ತೋರಿಸಿ ತನ್ನ ಪಾಡಿಗೆ ಹೋಗುತ್ತಿದ್ದ. ಲಕ್ಷ್ಮಣ ಎಳೆದ ಗೆರೆ ದಾಟಿ ಸೀತೆ ಪಟ್ಟ ಪಾಡು ಹುಡುಗನಿಗೆ ಗೊತ್ತಿತ್ತು. ಕದಲುತ್ತಿರಲಿಲ್ಲ. ಆ ಗೆರೆಯ ಪಕ್ಕದಲ್ಲೊಂದು ಕಿಟಕಿ. ಕಿಟಕಿಯ ಕೆಳಗೆ ಕೊಳ, ಪೂರ್ವದ ಗೋಡೆಯ ಹತ್ತಿರ ದೊಡ್ಡ ಆಲದ ಮರ, ದಕ್ಷಿಣಕ್ಕೆ ತೆಂಗಿನ ಸಾಲು. ಯಾರು ಹೇಗೆ ಮುಳುಗು ಹಾಕುತ್ತಾರೆ, ಯಾರು ಮೂಗು ಮುಚ್ಚಿಕೊಂಡು ಗಡಿಬಿಡಿಯಲ್ಲಿ ಎದ್ದು ಹೋಗುತ್ತಾರೆ, ಯಾರು ನಿಧಾನಕ್ಕೆ ಮಂತ್ರ ಹೇಳಿಕೊಂಡು ಇಳಿಯುತ್ತಾರೆ, ಇಡೀ ದಿನ ಅದನ್ನೇ ನೋಡುವುದು.

ಈಶ್ವರ ಎಂಬ ಇನ್ನೊಬ್ಬನಿದ್ದ. ಹಿಂದೆ ಹಳ್ಳಿಯಲ್ಲಿ ಮೇಷ್ಟ್ರಾಗಿದ್ದವನು, ಮಡಿವಂತ, ಮಾತು ಗಂಭೀರ. ಸಂಜೆ ದೀಪದ ಸುತ್ತ ಮಕ್ಕಳನ್ನು ಕೂರಿಸಿ ರಾಮಾಯಣ ಮಹಾಭಾರತ ಓದುತ್ತಿದ್ದ. ಊಟಕ್ಕೆ ಲೂಚಿ ಎಂಬ ಪೂರಿ ಬಡಿಸುವಾಗ ತಟ್ಟೆಗೆ ಕೈ ತಾಗದಂತೆ ಎತ್ತರದಿಂದ ಒಂದೆರಡು ಹಾಕಿ, 'ಇನ್ನೂ ಬೇಕೆ?' ಎಂದು ಕೇಳುತ್ತಿದ್ದ. ಯಾವ ಉತ್ತರ ಹೇಳಿದರೆ ಅವನಿಗೆ ಹಿತ ಎಂಬುದು ಆ ದನಿಯಲ್ಲೇ ತಿಳಿಯುತ್ತಿತ್ತು. ಹುಡುಗ 'ಬೇಡ' ಎನ್ನುತ್ತಿದ್ದ. ಹಾಲಿನದೂ ಅದೇ ಕಥೆ. ಈಶ್ವರನಿಗೆ ಅಫೀಮಿನ ಚಟ, ಅಫೀಮಿಗೆ ಹಾಲು ಬೇಕು. ಹುಡುಗರು ಹಾಲು ಒಲ್ಲೆ ಎಂದರೆ ಅವನು ಎರಡನೇ ಸಲ ಒತ್ತಾಯಿಸುತ್ತಿರಲಿಲ್ಲ. ಸಂಜೆಯ ತಿಂಡಿ ಏನು ತರಲಿ ಎಂದು ಕೇಳಿದಾಗ ಅಗ್ಗದ್ದನ್ನು ಹೇಳಿದರೆ ಅವನ ಮುಖ ಅರಳುವುದನ್ನೂ ಹುಡುಗ ಗಮನಿಸಿದ್ದ. ಮಂಡಕ್ಕಿ, ಕಡಲೆಕಾಯಿಗೆ ಸಮಾಧಾನಪಟ್ಟುಕೊಂಡ. ಕೋಟ್ಯಧಿಪತಿಯ ಮೊಮ್ಮಗ ಹೀಗೆ ಆಳಿನ ಮರ್ಜಿ ಕಾಯುವುದನ್ನು ಕಲಿತ.

ಈ ಕಾವಲಿನಲ್ಲೂ ಒಂದು ಸಂದಿ ಸಿಕ್ಕಿತು. ಖಜಾಂಚಿಯ ಕಚೇರಿಯ ವರಾಂಡದ ಮೂಲೆಯಲ್ಲಿ ಅಜ್ಜಿಯ ಕಾಲದ ಹಳೆಯ ಪಲ್ಲಕ್ಕಿಯೊಂದು ಬಿದ್ದಿತ್ತು. ಬಣ್ಣ ಮಾಸಿತ್ತು, ಒಳಗಿನ ಮೆತ್ತೆಯಿಂದ ತೆಂಗಿನ ನಾರು ಹೊರಬಂದಿತ್ತು. ಮನೆಯ ವೈಭವ ಮುಗಿದದ್ದಕ್ಕೆ ಸಾಕ್ಷಿಯಂತಿದ್ದ ಆ ಪಲ್ಲಕ್ಕಿ ಲೆಕ್ಕದ ಪುಸ್ತಕದಲ್ಲಿ ಬೆಲೆಯಿಲ್ಲದ ಸಾಮಾನು. ಮಧ್ಯಾಹ್ನ ಎಲ್ಲರ ಕಣ್ಣು ತಪ್ಪಿಸಿ ಹುಡುಗ ಅದರೊಳಗೆ ನುಸುಳಿ ಬಾಗಿಲು ಎಳೆದುಕೊಳ್ಳುತ್ತಿದ್ದ. ಪಲ್ಲಕ್ಕಿ ಹೊರಟೇಬಿಡುತ್ತಿತ್ತು, ಹುಲಿಯ ಕಣ್ಣು ಹೊಳೆಯುವ ಕಾಡಿಗೆ, ಕಳ್ಳರಿರುವ ಬಯಲಿಗೆ. 1940ರಲ್ಲಿ, ಸಾವಿಗೆ ಒಂದು ವರ್ಷ ಮೊದಲು ಪ್ರಕಟಿಸಿದ 'ಛೇಲೇಬೇಲಾ'ದಲ್ಲಿ ವೃದ್ಧ ರವೀಂದ್ರರು ಈ ಪಲ್ಲಕ್ಕಿ ಪಯಣವನ್ನು ನಿನ್ನೆ ಮೊನ್ನೆಯದೆಂಬಂತೆ ಹೇಳುತ್ತಾರೆ.

ಎರಡನೇ ತಾರೀಖಿನ ಲೆಕ್ಕ

1873ರಲ್ಲಿ ಹನ್ನೊಂದರ ಹುಡುಗನಿಗೆ ಉಪನಯನವಾಯಿತು. ಅಪ್ಪ ಹಿಮಾಲಯಕ್ಕೆ ಬರುತ್ತೀಯಾ ಎಂದು ಕೇಳಿದರು. ಹುಡುಗನಿಗೆ ಬದುಕಿನಲ್ಲಿ ಮೊದಲ ಬಾರಿಗೆ ಅಡಿಯಿಂದ ಮುಡಿಯವರೆಗೆ ಹೊಸ ಬಟ್ಟೆ, ಜರಿಯ ಕೆಲಸದ ಮಖಮಲ್ ಟೊಪ್ಪಿ. ಮೊದಲು ಬೋಲ್ಪುರದಲ್ಲಿ ತಂಗಿದರು. ಅಲ್ಲಿ ದೇವೇಂದ್ರನಾಥರು ಮಗನಿಗೆ ಒಂದಿಷ್ಟು ಚಿಲ್ಲರೆ ಕೊಟ್ಟು, ಭಿಕ್ಷುಕರಿಗೆ ಕೊಡು, ಖರ್ಚಿನ ಲೆಕ್ಕ ಇಡು ಎಂದರು. ತಮ್ಮ ಬೆಲೆಬಾಳುವ ಬಂಗಾರದ ಗಡಿಯಾರಕ್ಕೆ ಕೀಲಿ ಕೊಡುವ ಕೆಲಸವನ್ನೂ ಒಪ್ಪಿಸಿದರು. ಲೆಕ್ಕ ಒಂದು ದಿನವೂ ತಾಳೆಯಾಗಲಿಲ್ಲ. ಒಮ್ಮೆಯಂತೂ ಕೈಯಲ್ಲಿರಬೇಕಾದ್ದಕ್ಕಿಂತ ಹೆಚ್ಚು ಹಣ ಉಳಿದಿತ್ತು. ನಿನ್ನನ್ನೇ ಖಜಾಂಚಿ ಮಾಡಿಕೊಳ್ಳಬೇಕು, ನಿನ್ನ ಕೈಯಲ್ಲಿ ದುಡ್ಡು ಬೆಳೆಯುತ್ತದೆ ಎಂದು ಅಪ್ಪ ನಕ್ಕರು. ಗಡಿಯಾರವೂ ಹುಡುಗನ ಅತಿ ಶ್ರದ್ಧೆಯ ಕೀಲಿಗೆ ಸೋತು ರಿಪೇರಿಗೆಂದು ಕಲ್ಕತ್ತೆಗೆ ಹೋಯಿತು. ಬೈಗುಳ ಬೀಳಲಿಲ್ಲ.

ಮುಂದಿನ ರೈಲು ಪ್ರಯಾಣದಲ್ಲಿ ಒಂದು ದೊಡ್ಡ ಸ್ಟೇಷನ್ನಿನಲ್ಲಿ ಟಿಕೆಟ್ ನೋಡುವವನಿಗೆ ಸಂಶಯ ಬಂತು. ಹುಡುಗನ ಮೈಕಟ್ಟು ವಯಸ್ಸಿಗಿಂತ ದೊಡ್ಡದು, ಟಿಕೆಟ್ ನೋಡಿದರೆ ಅರ್ಧ. ಕೊನೆಗೆ ಸ್ಟೇಷನ್ ಮಾಸ್ಟರ್ ಬಂದು, ಹನ್ನೆರಡು ದಾಟಿದೆ, ಪೂರ್ತಿ ಹಣ ಕೊಡಿ ಎಂದ. ದೇವೇಂದ್ರನಾಥರು ಮರುಮಾತಾಡದೆ ಪೆಟ್ಟಿಗೆಯಿಂದ ನೋಟು ತೆಗೆದುಕೊಟ್ಟರು. ಚಿಲ್ಲರೆ ವಾಪಸ್ ಬಂದಾಗ ಅದನ್ನು ಪ್ಲಾಟ್‌ಫಾರಂ ಮೇಲೆ ಎಸೆದರು. ನಾಣ್ಯಗಳು ಕಲ್ಲಿನ ಮೇಲೆ ಸದ್ದು ಮಾಡಿದವು. ಕೆಲವು ಪುಡಿಗಾಸಿಗಾಗಿ ಸುಳ್ಳು ಹೇಳುವವರೆಂದು ತಮ್ಮನ್ನು ಎಣಿಸಿದರಲ್ಲ ಎಂಬ ಕೋಪ. ಅಪ್ಪನ ಕೋಟಿ ಸಾಲವನ್ನು ಬಿಡಿಗಾಸು ಉಳಿಸದೆ ತೀರಿಸಿದ ಮನುಷ್ಯನ ಕೋಪ ಅದು ಎಂದು ತಿಳಿದು ನೋಡಿದರೆ ಆ ನಾಣ್ಯಗಳ ಸದ್ದು ಬೇರೆಯಾಗಿಯೇ ಕೇಳುತ್ತದೆ.

ರವೀಂದ್ರರು ದೊಡ್ಡವರಾದ ಮೇಲೂ ಲೆಕ್ಕ ಬೆನ್ನು ಬಿಡಲಿಲ್ಲ. ದೇವೇಂದ್ರನಾಥರು ಪಾರ್ಕ್ ಸ್ಟ್ರೀಟಿನಲ್ಲಿ ವಾಸವಿದ್ದಾಗ ಪ್ರತಿ ತಿಂಗಳ ಎರಡು ಮತ್ತು ಮೂರನೇ ತಾರೀಖು ಮಗ ಹೋಗಿ ಜಮೀನ್ದಾರಿಯ ಲೆಕ್ಕ ಓದಿ ಹೇಳಬೇಕಿತ್ತು. ತಂದೆಗೆ ಕಣ್ಣು ಮಂಜಾಗಿತ್ತು. ಕಳೆದ ತಿಂಗಳ, ಕಳೆದ ವರ್ಷದ ಮೊತ್ತಗಳನ್ನು ಮೊದಲು ಕೇಳಿ ಮನಸ್ಸಿನಲ್ಲೇ ಕೂಡಿಸಿ ಕಳೆದು, ಎಲ್ಲಿ ಸಂಶಯವೋ ಅಲ್ಲಿ ವಿವರ ಕೇಳುತ್ತಿದ್ದರು. ಮುಚ್ಚಿಟ್ಟು ಮುಂದೆ ಹೋಗಲು ಆಗುತ್ತಿರಲಿಲ್ಲ.

ಲೆಕ್ಕದ ಈ ಶಿಸ್ತು ನಮ್ಮ ಕಡೆಯ ವರ್ತಕ ಮನೆತನಗಳಿಗೂ ತೀರ ಪರಿಚಿತ. ಹುಬ್ಬಳ್ಳಿ, ಗದಗ, ದಾವಣಗೆರೆಗಳ ಹತ್ತಿ ಅಡತಿ, ಕಾಳುಕಡಿ ಅಡತಿಯ ಹಳೆಯ ಮನೆಗಳಲ್ಲಿ ಮುಂದೆ ಅಂಗಡಿ, ಹಿಂದೆ ಸಂಸಾರ. ಗಾದಿಯ ಮೇಲೆ ಲೋಡಿಗೆ ಒರಗಿದ ಹಿರಿಯರು, ಎದುರಿಗೆ ಇಳಿಜಾರು ಮೇಜಿನ ಮುಂದೆ ಗುಮಾಸ್ತರು, ಹೊರಗೆ ಚೀಲ ಹೊರುವ ಹಮಾಲರು. ಶಾಲೆ ಬಿಟ್ಟು ಬಂದ ಹುಡುಗ ಗಾದಿಯ ತುದಿಯಲ್ಲಿ ಕೂತು ಕಾಲು, ಅರೆ, ಮುಕ್ಕಾಲು ಮಗ್ಗಿ ಒಪ್ಪಿಸಬೇಕು. ವಯಸ್ಸಾದ ಗುಮಾಸ್ತರನ್ನು ಹೆಸರು ಹಿಡಿದು ಕರೆಯುವಂತಿಲ್ಲ, 'ಕಾಕಾ' ಎನ್ನಬೇಕು. ದೀಪಾವಳಿಯ ಲಕ್ಷ್ಮೀಪೂಜೆಗೆ ಹೊಸ ಕೀರ್ದಿ ಖಾತೆ ಪುಸ್ತಕಗಳಿಗೆ ಅರಿಸಿನ ಕುಂಕುಮ ಏರುತ್ತದೆ, ಮೊದಲ ಪುಟದ ಮೇಲೆ 'ಶ್ರೀ' ಮೂಡುತ್ತದೆ. ಆಟದ ಸಾಮಾನಿಗೆ ಹಣ ಕೇಳಿದರೆ ಸಿಗುತ್ತದೆ, ಆದರೆ ಅದೂ ಅಪ್ಪನ ಹೆಸರಿನ ಖಾತೆಗೆ ಖರ್ಚು ಬೀಳುತ್ತದೆ. ಮಗುವಿನ ಪಾಲಿಗೆ ಆ ಮನೆಯಲ್ಲಿ ದುಡ್ಡೆಂದರೆ ಬರಹ. ಬರೆಯದೆ ಒಂದು ಕಾಸೂ ಒಳಗೆ ಬರುವುದಿಲ್ಲ, ಹೊರಗೆ ಹೋಗುವುದಿಲ್ಲ.

ಲೆಕ್ಕ ತಪ್ಪುತ್ತಿದ್ದ ಆ ಬಂಗಾಳಿ ಹುಡುಗ ನಮ್ಮ ಕಾರವಾರಕ್ಕೂ ಬಂದ. 1883ರಲ್ಲಿ, ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ. ಕಾಳಿ ನದಿಯಲ್ಲಿ ಬೆಳದಿಂಗಳ ದೋಣಿ ಪಯಣ ಮಾಡಿದ್ದನ್ನು ಅವರು ಬರೆದಿದ್ದಾರೆ. 'ಪ್ರಕೃತಿರ್ ಪ್ರತಿಶೋಧ' ನಾಟಕ ಬರೆದದ್ದು ಅಲ್ಲೇ. ಲೋಕವನ್ನು ಗೆರೆಯಾಚೆ ಇಟ್ಟ ಸಂನ್ಯಾಸಿಯೊಬ್ಬ ಪುಟ್ಟ ಹುಡುಗಿಯ ಮಮತೆಗೆ ಸಿಕ್ಕಿ ಲೋಕಕ್ಕೆ ಮರಳುವ ಕಥೆ. ತಮ್ಮ ಮುಂದಿನ ಬರವಣಿಗೆಗೆಲ್ಲ ಅದು ಮುನ್ನುಡಿ ಎಂದು ರವೀಂದ್ರರು ಹೇಳಿಕೊಂಡರು. ಕಾರವಾರದ ಕಡಲತೀರಕ್ಕೆ ಇಂದು ಅವರದೇ ಹೆಸರು.

ಉಕ್ಕಿನ ಮನೆ

ಭಯ, ಕಾವಲು ಎರಡಕ್ಕಿಂತಲೂ ಕಠಿಣವಾದದ್ದು ಅಪ್ಪನ ಹಟ. ವಿಯೆನ್ನಾದ ಕಾರ್ಲ್ ವಿಟ್‌ಗೆನ್‌ಸ್ಟೈನ್ ಆಸ್ಟ್ರಿಯಾದ ಉಕ್ಕಿನ ಉದ್ಯಮದ ದೊರೆ. ಅವರ ಅರಮನೆಯಂಥ ಮನೆಯ ಸಂಗೀತ ಸಂಜೆಗಳಿಗೆ ಬ್ರಾಮ್ಸ್ ಬರುತ್ತಿದ್ದ. ಮಗಳ ಮದುವೆಯ ಚಿತ್ರ ಬರೆದುಕೊಟ್ಟವನು ಕ್ಲಿಮ್ಟ್. ಎಂಟು ಮಕ್ಕಳಿಗೂ ಮನೆಯಲ್ಲೇ ಪಾಠ. ಎಲ್ಲರಿಗಿಂತ ಕಿರಿಯ ಲುಡ್ವಿಗ್ ಹತ್ತರ ವಯಸ್ಸಿನಲ್ಲಿ ಮರದ ಚೂರು, ತಂತಿ ಸೇರಿಸಿ ಕೆಲಸ ಮಾಡುವ ಹೊಲಿಗೆ ಯಂತ್ರದ ಮಾದರಿ ಕಟ್ಟಿದ್ದ.

ಕಾರ್ಲ್ ತಾನೇ ಹದಿನೇಳರಲ್ಲಿ ಒಂದು ಪಿಟೀಲು ಹಿಡಿದು ಮನೆಬಿಟ್ಟು ನ್ಯೂಯಾರ್ಕಿಗೆ ಓಡಿ, ಹೋಟೆಲಿನಲ್ಲಿ ದುಡಿದು ಬಂದ ಆಸಾಮಿ. ಆದರೆ ತನ್ನ ಗಂಡುಮಕ್ಕಳು ಉದ್ಯಮವನ್ನೇ ನೋಡಿಕೊಳ್ಳಬೇಕು ಎಂದು ಪಟ್ಟು ಹಿಡಿದ. ಸಂಗೀತದಲ್ಲಿ ಅಸಾಧಾರಣನಾಗಿದ್ದ ಹಿರಿಯ ಮಗ ಹ್ಯಾನ್ಸ್ ಅಮೆರಿಕಕ್ಕೆ ಓಡಿಹೋಗಿ 1902ರಲ್ಲಿ ಕಣ್ಮರೆಯಾದ. ಆತ್ಮಹತ್ಯೆ ಎಂದೇ ಮನೆಯವರು ಭಾವಿಸಿದರು. 1904ರಲ್ಲಿ ರುಡಾಲ್ಫ್ ಬರ್ಲಿನ್ನಿನಲ್ಲಿ ವಿಷ ಕುಡಿದ. ಇನ್ನೊಬ್ಬ ಮಗ ಕುರ್ಟ್ 1918ರಲ್ಲಿ ಯುದ್ಧದ ಕೊನೆಯಲ್ಲಿ ಗುಂಡು ಹೊಡೆದುಕೊಂಡ. ಹ್ಯಾನ್ಸ್‌ನ ಪ್ರಕರಣದ ನಂತರ ಅಪ್ಪನ ಹಿಡಿತ ಸಡಿಲಿ, ಕಿರಿಯರಿಬ್ಬರಿಗೆ ಹೊರಗಿನ ಶಾಲೆಯ ಬಾಗಿಲು ತೆರೆಯಿತು. ಯುದ್ಧದಲ್ಲಿ ಬಲಗೈ ಕಳೆದುಕೊಂಡ ಪೌಲ್ ಎಡಗೈಯಲ್ಲೇ ಪಿಯಾನೊ ನುಡಿಸುವ ಕಲಾವಿದನಾದ. ಲುಡ್ವಿಗ್ ಇಪ್ಪತ್ತನೇ ಶತಮಾನದ ದೊಡ್ಡ ತತ್ತ್ವಜ್ಞಾನಿಗಳಲ್ಲಿ ಒಬ್ಬನಾದ. 1919ರಲ್ಲಿ ತನ್ನ ಪಾಲಿನ ಪಿತ್ರಾರ್ಜಿತ ಪೂರ್ತಿಯನ್ನು ಒಡಹುಟ್ಟಿದವರಿಗೆ ಬರೆದುಕೊಟ್ಟು, ಮರುವರ್ಷ ಟ್ರಾಟೆನ್‌ಬಾಖ್ ಎಂಬ ಬೆಟ್ಟದೂರಿಗೆ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿ ಹೋದ. ಬಡವರಿಗೆ ಏಕೆ ಕೊಡಲಿಲ್ಲ ಎಂಬ ಪ್ರಶ್ನೆಗೆ ಅವನದೇ ತರ್ಕವಿತ್ತು: ಹಣ ಮನುಷ್ಯನನ್ನು ಕೆಡಿಸುತ್ತದೆ, ಈಗಾಗಲೇ ಹಣವಿದ್ದವರಿಗೆ ಕೊಟ್ಟರೆ ಹೊಸದಾಗಿ ಕೆಡುವುದೇನೂ ಇಲ್ಲ.

ಶಾಹಿಬಾಗ್‌ನ ರೈಲು

ಕಾರವಾರಕ್ಕೆ ಬರುವ ಮೊದಲು, 1878ರಲ್ಲಿ, ಹದಿನೇಳರ ರವೀಂದ್ರರು ಅಹಮದಾಬಾದಿನ ಶಾಹಿಬಾಗ್‌ನಲ್ಲಿ ಕೆಲವು ತಿಂಗಳು ಇದ್ದರು. ಅಣ್ಣ ಸತ್ಯೇಂದ್ರನಾಥರು ಆಗ ಅಲ್ಲಿ ನ್ಯಾಯಾಧೀಶರು, ಅವರ ವಾಸ ಶಹಜಹಾನನ ಕಾಲದ ಅರಮನೆಯಲ್ಲಿ. ಅದೇ ಶಾಹಿಬಾಗ್‌ನಲ್ಲಿ ಮುಂದೆ 'ರಿಟ್ರೀಟ್' ಎಂಬ ಮನೆಯಲ್ಲಿ ಕ್ಯಾಲಿಕೊ ಮಿಲ್ಲಿನ ಒಡೆಯ ಅಂಬಾಲಾಲ್ ಸಾರಾಭಾಯಿ, ಹೆಂಡತಿ ಸರಳಾದೇವಿ, ಎಂಟು ಮಕ್ಕಳು ಬಾಳಿದರು. 1920ರಲ್ಲಿ ಅಹಮದಾಬಾದಿಗೆ ಬಂದ ರವೀಂದ್ರರು ಉಳಿದುಕೊಂಡದ್ದು ಈ ಸಾರಾಭಾಯಿಗಳ ಅತಿಥಿಯಾಗಿ.

ಅಂಬಾಲಾಲ್ ಚಿಕ್ಕವಯಸ್ಸಿನಲ್ಲೇ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡು, ಹರೆಯದಲ್ಲೇ ಮಿಲ್ಲಿನ ಹೊಣೆ ಹೊತ್ತವರು. ತಮಗೆ ಸಿಗದ ಬಾಲ್ಯವನ್ನು ಮಕ್ಕಳಿಗೆ ಕೊಡುವುದರಲ್ಲಿ ಕೈ ಹಿಡಿಯಲಿಲ್ಲ. ಮಾರಿಯಾ ಮಾಂಟೆಸ್ಸರಿಯ ವಿಚಾರಗಳನ್ನು ಮೆಚ್ಚಿದ ದಂಪತಿ ಮಕ್ಕಳನ್ನು ಊರಿನ ಶಾಲೆಗೆ ಕಳಿಸದೆ ಮನೆಯ ಆವರಣದಲ್ಲೇ ಒಂದು ಶಾಲೆ ನಡೆಸಿದರು. ವಿಜ್ಞಾನಕ್ಕೆ, ಭಾಷೆಗಳಿಗೆ, ಸಂಗೀತ ನೃತ್ಯಗಳಿಗೆ ದೇಶ ವಿದೇಶದ ಮೇಷ್ಟ್ರುಗಳು. ಕುಂಬಾರಿಕೆ, ಬಡಗಿ ಕೆಲಸಕ್ಕೂ ಎಡೆ. 1919ರಲ್ಲಿ ಹುಟ್ಟಿದ ವಿಕ್ರಮ್‌ಗೆ ಯಂತ್ರಗಳ ಹುಚ್ಚು. ಮನೆಯ ಕಾರ್ಯಾಗಾರದಲ್ಲಿ ಎಂಜಿನಿಯರುಗಳ ನೆರವಿನಿಂದ ಆ ಹುಡುಗ ಕಟ್ಟಿದ ಪುಟ್ಟ ರೈಲು ಎಂಜಿನ್ ನಿಜವಾಗಿಯೂ ಓಡುತ್ತಿತ್ತು. ರವೀಂದ್ರರ ಪಲ್ಲಕ್ಕಿ ಕದಲದೆಯೇ ಊರೂರು ಸುತ್ತಿತು. ವಿಕ್ರಮ್‌ನ ರೈಲಿಗೆ ಹಳಿ, ಹಬೆ, ಮೇಷ್ಟ್ರು ಎಲ್ಲ ಇದ್ದವು. ಒಬ್ಬನನ್ನು ಅವನ ಪಾಡಿಗೆ ಬಿಟ್ಟಿದ್ದರು, ಇನ್ನೊಬ್ಬ ಕೇಳಿದ್ದನ್ನೆಲ್ಲ ತಂದುಕೊಟ್ಟರು. ಯಾವುದರಿಂದ ಏನಾಗುತ್ತದೆ ಎಂದು ಸೂತ್ರ ಹೇಳಹೊರಟರೆ ಈ ಇಬ್ಬರೇ ಅದನ್ನು ಸುಳ್ಳು ಮಾಡುತ್ತಾರೆ.

ಒಂದು ಮಾತನ್ನು ಮಾತ್ರ ಧೈರ್ಯವಾಗಿ ಹೇಳಬಹುದು. ರಿಟ್ರೀಟ್‌ನಲ್ಲಿ ಹಣ ಮಕ್ಕಳಿಗೆ ಬಿಡುವಾಗಿ ದೊರೆಯಿತು. ಗಾದಿಗೆ ಬಂದು ಕೂರು ಎಂದು ಯಾರೂ ಅವಸರಪಡಿಸಲಿಲ್ಲ. ಹಿರಿಯ ಮಗಳು ಮೃದುಲಾ ಸ್ವಾತಂತ್ರ್ಯ ಚಳವಳಿಗೆ ಧುಮುಕಿ ಜೈಲು ಕಂಡರು. ಮನೆಯ ಶಾಲೆಯಲ್ಲಿ ಕಲಿತ ಲೀನಾ 1947ರಲ್ಲಿ ತಾವೇ 'ಶ್ರೇಯಸ್' ಶಾಲೆ ತೆರೆದರು. ಗೌತಮ್ ಮತ್ತು ಗಿರಾ 1949ರಲ್ಲಿ ಜವಳಿಗಳಿಗಾಗಿ ಕ್ಯಾಲಿಕೊ ಮ್ಯೂಸಿಯಂ ಕಟ್ಟಿದರು. ಕೇಂಬ್ರಿಜ್‌ಗೆ ಹೋಗಿದ್ದ ವಿಕ್ರಮ್ ಮಹಾಯುದ್ಧದ ಕಾರಣ ಮರಳಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಬಳಿ ವಿಶ್ವಕಿರಣಗಳ ಅಧ್ಯಯನಕ್ಕೆ ತೊಡಗಿದರು. ಬೆಂಗಳೂರಿನಲ್ಲೇ ಕಲಾವಿದೆ ಮೃಣಾಲಿನಿಯವರ ಪರಿಚಯವಾಗಿ 1942ರಲ್ಲಿ ಮದುವೆಯಾದರು. 1947ರಲ್ಲಿ ಅಹಮದಾಬಾದಿನಲ್ಲಿ ಭೌತ ಸಂಶೋಧನಾ ಪ್ರಯೋಗಾಲಯ ಶುರುವಾದಾಗ ಅದರ ಮೊದಲ ನೆಲೆ ರಿಟ್ರೀಟ್ ಮನೆಯೇ. 1969ರಲ್ಲಿ ವಿಕ್ರಮ್ ಅವರ ಮುಂದಾಳುತನದಲ್ಲೇ ಇಸ್ರೊ ಹುಟ್ಟಿತು. ಅದರ ಕೇಂದ್ರ ಕಚೇರಿ ಇಂದು ಬೆಂಗಳೂರಿನಲ್ಲಿದೆ.

ಆಚೆಗೂ ನೋಡಿದ ಸೋದರತ್ತೆ

ಸಾರಾಭಾಯಿ ಮನೆಯ ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಅದು ಚಂದದ ಕಥೆ. ಆದರೆ ವಿಕ್ರಮ್‌ಗೆ ಒಬ್ಬ ಸೋದರತ್ತೆ ಇದ್ದರು. ಅಂಬಾಲಾಲರ ಅಕ್ಕ ಅನಸೂಯಾ, 1885ರಲ್ಲಿ ಹುಟ್ಟಿದವರು. ಅದೇ ಸಿರಿವಂತ ಮನೆಯ ಹೆಣ್ಣುಮಗಳಿಗೆ ಸಿಕ್ಕ ಬಾಲ್ಯ ಎಂದರೆ ಎಳೆವಯಸ್ಸಿನಲ್ಲೇ ತಬ್ಬಲಿತನ, ಹದಿಮೂರಕ್ಕೆ ಮದುವೆ, ಬಾಳದ ಸಂಸಾರ. ತಮ್ಮ ನೆರವಾದ, ಅಕ್ಕ ಇಂಗ್ಲೆಂಡಿಗೆ ಹೋಗಿ ಓದಿ ಬಂದರು. ಬಡ ಮಕ್ಕಳಿಗಾಗಿ ಪಾಠಶಾಲೆ ನಡೆಸತೊಡಗಿದರು. ಒಂದು ಬೆಳಗ್ಗೆ ಅಂಗಳದಲ್ಲಿ ಮಕ್ಕಳ ತಲೆ ಬಾಚುತ್ತಾ ಕೂತಿದ್ದಾಗ ಮಿಲ್ಲಿನ ಕೂಲಿಗಳ ಗುಂಪೊಂದು ನಿದ್ದೆಗಣ್ಣಿನಲ್ಲಿ ನಡೆದಂತೆ ಹಾದುಹೋಯಿತು. ಕೂಗಿ ವಿಚಾರಿಸಿದರೆ, ಬಿಡುವಿಲ್ಲದೆ ಮೂವತ್ತಾರು ಗಂಟೆ ದುಡಿದು ಮನೆಗೆ ಮರಳುತ್ತಿದ್ದಾರೆಂದು ಗೊತ್ತಾಯಿತು. ತಾವು ಉಂಡು ಉಟ್ಟು ಬೆಳೆದ ಹಣದ ಮೂಲ ಆ ಬೆಳಗ್ಗೆ ಅವರ ಅಂಗಳದ ಎದುರೇ ನಡೆದುಹೋಗಿತ್ತು.

1918ರಲ್ಲಿ ಅಹಮದಾಬಾದಿನ ಮಿಲ್ ಕಾರ್ಮಿಕರು ಶೇ. 35ರ ಕೂಲಿ ಏರಿಕೆಗಾಗಿ ಹೋರಾಡಿದಾಗ ಮಾಲೀಕರ ಮುಂದಾಳು ಅಂಬಾಲಾಲ್, ಕಾರ್ಮಿಕರ ಪರ ಗಾಂಧೀಜಿಯ ಜೊತೆ ನಿಂತವರು ಅನಸೂಯಾ. ಗಾಂಧೀಜಿ ಉಪವಾಸ ಕೂತರು, ರಾಜಿಯಾಯಿತು. ಎರಡು ವರ್ಷದ ನಂತರ ಅನಸೂಯಾ ಅವರ ಮುಂದಾಳುತನದಲ್ಲಿ 'ಮಜೂರ್ ಮಹಾಜನ್' ಸಂಘ ಹುಟ್ಟಿತು. ಅಕ್ಕ ತಮ್ಮಂದಿರ ನಡುವಿನ ಅಕ್ಕರೆ ಮುರಿಯಲಿಲ್ಲ. ರಿಟ್ರೀಟ್‌ನ ಮಕ್ಕಳು ಬೆಳೆದದ್ದು ಅಪ್ಪನ ಮಿಲ್ಲಿನ ವಿರುದ್ಧ ಅತ್ತೆ ಸಂಘ ಕಟ್ಟಿದ ಮನೆತನದಲ್ಲಿ. ಅವರಿಗೆ ಸಿಕ್ಕ ಮೇಷ್ಟ್ರುಗಳ ಪಟ್ಟಿಗೆ ಈ ಅತ್ತೆಯ ಹೆಸರನ್ನೂ ಸೇರಿಸಬೇಕು.

ಸಿರಿವಂತರ ಬಾಲ್ಯದ ನೆನಪುಗಳನ್ನು ಓದುವಾಗ ನಮಗೆ ಸಿಗುವುದು ಮನೆಯ ಒಳಗಿನಿಂದ ಕಂಡ ನೋಟ. ಬನಾರಸಿಯ ಸಂಸಾರಕ್ಕೆ ತನ್ನ ಮನೆ ಬಿಟ್ಟುಕೊಟ್ಟ ಬನಿಯಾನ ಮಕ್ಕಳು ಆ ದಿನಗಳನ್ನು ಹೇಗೆ ನೆನೆದರೋ ಗೊತ್ತಿಲ್ಲ. ಮೂವತ್ತಾರು ಗಂಟೆ ದುಡಿದವರ ಮಕ್ಕಳು ಆ ಎರಡು ದಿನ ಮನೆಯಲ್ಲಿ ಏನು ಮಾಡಿದರು ಎಂಬುದೂ ಬರಹಕ್ಕೆ ಬರಲಿಲ್ಲ. ಶ್ಯಾಮನನ್ನು, ಈಶ್ವರನನ್ನು ನಾವು ನೋಡುತ್ತಿರುವುದು ಯಜಮಾನರ ಮಗನ ಕಣ್ಣಿನಿಂದ. ಆ ಕಣ್ಣು ಪ್ರೀತಿಯದೇ, ಆದರೂ ಒಂದೇ ಬದಿಯದು. ಈಶ್ವರ ಅಕ್ಷರ ಬಲ್ಲವನು, ಹಿಂದೆ ಮೇಷ್ಟ್ರಾಗಿದ್ದವನು. ಹಳ್ಳಿ ಬಿಟ್ಟು ಬಂದು ಬೇರೆಯವರ ಮಕ್ಕಳಿಗೆ ಎತ್ತರದಿಂದ ಲೂಚಿ ಬಡಿಸುತ್ತಿದ್ದ ಸಂಜೆಗಳ ಬಗ್ಗೆ ಅವನೂ ನಾಲ್ಕು ಪುಟ ಬರೆದಿಟ್ಟಿದ್ದರೆ, ಠಾಕೂರರ ಮನೆಯ ಹಾಲಿನ ಲೆಕ್ಕಕ್ಕೆ ಜಮೆಯ ಜೊತೆ ಖರ್ಚಿನ ಬದಿಯೂ ಸಿಗುತ್ತಿತ್ತು. ಎರಡೂ ಬದಿ ಬರೆಯದ ಲೆಕ್ಕ ತಾಳೆಯಾಗುವುದಿಲ್ಲ ಎಂಬುದು ಯಾವ ವರ್ತಕನ ಮಗನಿಗೂ ಗೊತ್ತಿರುವ ವಿಷಯ.